ಕಿಡ್ ಎ, ಅಮ್ನೀಸಿಯಾಕ್: ಮೊದಲು ಯಾವುದನ್ನು ಕೇಳಬೇಕು?

ಇಂಗ್ಲೆಂಡಿನ ರಾಕ್ ಬ್ಯಾಂಡ್ ರೇಡಿಯೋಹೆಡ್‌ನ ಎರಡು ಆಲ್ಬಮ್ ಇವು. ಆ ಬ್ಯಾಂಡ್ ಕೇಳುವವರ ನಡುವೆ ಇದು ಹಳೇ ಜಗಳ. 'ಕಿಡ್ ಎ' ಬಂದದ್ದು 2000ರ ಅಕ್ಟೋಬರ್‌ನಲ್ಲಿ. 'ಅಮ್ನೀಸಿಯಾಕ್' ಬಂದದ್ದು 2001ರ ಜೂನ್ ಹೊತ್ತಿಗೆ. ಎರಡರ ಬಹುಪಾಲು ಹಾಡುಗಳು ಒಂದೇ ಓಟದಲ್ಲಿ ರೆಕಾರ್ಡ್ ಆದವು. ಪ್ಯಾರಿಸ್, ಕೋಪನ್‌ಹೇಗನ್, ಆಮೇಲೆ ಇಂಗ್ಲೆಂಡಿನಲ್ಲಿ. ನಿರ್ಮಾಪಕ ನೈಜೆಲ್ ಗಾಡ್ರಿಚ್. ಹಾಗಾಗಿ ಮೊದಲು ಬಂದದ್ದು ಅಸಲಿ ಆಲ್ಬಮ್, ಆಮೇಲಿನದು ಮಿಕ್ಕ ಹಾಡುಗಳ ಗಂಟು ಅನ್ನೋ ಮಾತು ಅವತ್ತಿನಿಂದ ನಡೆದು ಬಂದಿದೆ. ನನ್ನ ಗೆಳೆಯರಲ್ಲೂ ಅರ್ಧಕ್ಕಿಂತ ಜಾಸ್ತಿ ಜನ ಹಾಗೇ ಹೇಳುತ್ತಾರೆ.

ನಾನು ಎರಡನ್ನೂ ಎಲ್ಲ ರೀತಿಯಲ್ಲೂ ಕೇಳಿ ನೋಡಿದ್ದೇನೆ. ಮನೆಯ ಸ್ಪೀಕರ್‌ನಲ್ಲಿ, ಹೆಡ್‌ಫೋನ್‌ನಲ್ಲಿ, ಬಸ್ಸಿನ ಗದ್ದಲದಲ್ಲಿ ಇಯರ್‌ಫೋನ್ ಹಾಕಿಕೊಂಡು. ಒಂದರ ಹಾಡು ಮುಗಿದ ತಕ್ಷಣ ಇನ್ನೊಂದರ ಹಾಡು ಹಾಕಿಯೂ ಕೇಳಿದ್ದೇನೆ. 'ಮಿಕ್ಕ ಹಾಡುಗಳು' ಅನ್ನೋ ಮಾತನ್ನು ನಾನು ಒಪ್ಪುವುದಿಲ್ಲ.

ಮೊದಲು ಕಿಡ್ ಎ. ಇದು ಹತ್ತು ಹಾಡುಗಳ, ಸುಮಾರು 50 ನಿಮಿಷದ ಆಲ್ಬಮ್. ಆದರೆ ಹತ್ತು ಹಾಡು ಅಂತ ಕೇಳಲು ಕೂತರೆ ಕೈಗೆ ಸಿಗುವುದಿಲ್ಲ. ಬ್ಯಾಂಡ್‌ನ ಹಿಂದಿನ ಆಲ್ಬಮ್, 1997ರ 'ಓಕೆ ಕಂಪ್ಯೂಟರ್' ಮೆಚ್ಚಿದವರು ಗಿಟಾರ್ ಕಾಯುತ್ತಾ ಕೂತಿದ್ದರು. ಬಂದದ್ದು ಪ್ರಾಫೆಟ್-5 ಸಿಂಥಸೈಜರ್‌ನ ಸ್ವರಗಳು, ತುಂಡು ತುಂಡಾದ ಗಾಯಕ ಟಾಮ್ ಯಾರ್ಕ್ ದನಿ. ಎರಡನೇ ಹಾಡಿನಲ್ಲಂತೂ ಅವನ ದನಿ ಮನುಷ್ಯನದು ಅಂತಲೇ ಅನಿಸುವುದಿಲ್ಲ. ಬ್ಯಾಂಡ್ ಇದರಿಂದ ಒಂದೂ ಸಿಂಗಲ್, ಅಂದರೆ ಬಿಡಿ ಹಾಡು, ಬಿಡಲಿಲ್ಲ. ಆದರೂ ಬ್ರಿಟನ್, ಅಮೆರಿಕ ಎರಡೂ ಕಡೆ ಆಲ್ಬಮ್ ಪಟ್ಟಿಯ ಮೊದಲ ಸ್ಥಾನಕ್ಕೇ ಹೋಯಿತು. ಆಗ ಕೇಳಿದವರು ಸರಿಯಾಗಿ ಎರಡು ಪಾಲಾದರು. ಕಾದಂಬರಿಕಾರ ನಿಕ್ ಹಾರ್ನ್‌ಬಿ 'ದಿ ನ್ಯೂಯಾರ್ಕರ್'ನಲ್ಲಿ ಇದರ ಬಗ್ಗೆ ಬೇಸರದಿಂದ ಬರೆದ. ಅದೇ ಹೊತ್ತಿಗೆ ಸಂಗೀತ ವಿಮರ್ಶೆಯ ವೆಬ್‌ಸೈಟ್ 'ಪಿಚ್‌ಫೋರ್ಕ್' ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ಇಬ್ಬರಿಗೂ ಕೇಳಿಸಿದ್ದು ಅದೇ ಆಲ್ಬಮ್, ಅಲ್ವಾ?

ಹಾರ್ನ್‌ಬಿಯಂಥವರ ಬೇಸರ ನನಗೆ ಅರ್ಥವಾಗುತ್ತದೆ. ಬಸ್ಸಿನಲ್ಲಿ ಕಿಡ್ ಎ ಕೇಳಿದರೆ ಅರ್ಧ ಆಲ್ಬಮ್ ಕಳೆದುಹೋಗುತ್ತದೆ. 'ಟ್ರೀಫಿಂಗರ್ಸ್'ನ ತೆಳು ಪದರಗಳೆಲ್ಲ ಇಂಜಿನ್ ಸದ್ದಿನಲ್ಲಿ ಕರಗಿಹೋಗುತ್ತವೆ. ಷಫಲ್ ಹಾಕಿದರಂತೂ ಕೇಳುವುದೇ ಬೇಡ. 'ಇಡಿಯೋಟೆಕ್' ಮುಗಿಯುವ ಮೊದಲೇ 'ಮಾರ್ನಿಂಗ್ ಬೆಲ್' ಶುರುವಾಗಬೇಕು. 'ಆಪ್ಟಿಮಿಸ್ಟಿಕ್' ಕೊನೆಯಲ್ಲಿ ದಾರಿ ಬದಲಿಸಿ 'ಇನ್ ಲಿಂಬೋ' ಒಳಗೆ ನಡೆದುಹೋಗಬೇಕು. ಆ ಬೆಸುಗೆಗಳೇ ಈ ಆಲ್ಬಮ್‌ನ ಜೀವ. ಕೆಲವು ಫೋನ್‌ಗಳಲ್ಲಿ ಹಾಡು ಹಾಡಿನ ನಡುವೆ ಚೂರು ಮೌನ ಬೀಳುತ್ತದೆ. ಸೆಟ್ಟಿಂಗ್‌ನಲ್ಲಿ ಅದನ್ನು ತೆಗೆದುಹಾಕಿ. ಅದೊಂದು ಸರಿಯಾದರೆ ಆಲ್ಬಮ್ ಬೇರೆಯೇ ಅನಿಸುತ್ತದೆ.

'ಹೌ ಟು ಡಿಸಪಿಯರ್ ಕಂಪ್ಲೀಟ್ಲಿ' ಹಾಡನ್ನು ಮಾತ್ರ ಹೆಡ್‌ಫೋನ್‌ನಲ್ಲಿ, ಸುತ್ತ ಸದ್ದಿಲ್ಲದಾಗ ಕೇಳಲೇಬೇಕು. ಕೆಳಗೆ ಅಕೌಸ್ಟಿಕ್ ಗಿಟಾರ್. ಅದರ ಮೇಲೆ ಆಕ್ಸ್‌ಫರ್ಡ್ ಕಡೆಯ ಡಾರ್ಚೆಸ್ಟರ್ ಅಬ್ಬೆ ಎಂಬ ಹಳೇ ಚರ್ಚಿನಲ್ಲಿ ರೆಕಾರ್ಡ್ ಮಾಡಿದ ಪಿಟೀಲುಗಳು. ಅದಕ್ಕೂ ಮೇಲೆ ಬ್ಯಾಂಡ್‌ನ ಗಿಟಾರ್ ವಾದಕ ಜಾನಿ ಗ್ರೀನ್‌ವುಡ್ ನುಡಿಸಿದ ಒಂಡ್ ಮಾರ್ಟೆನೋ. 1928ರಲ್ಲಿ ಫ್ರಾನ್ಸ್‌ನಲ್ಲಿ ಬಂದ ಎಲೆಕ್ಟ್ರಾನಿಕ್ ವಾದ್ಯ ಅದು. ಬೆರಳಿಗೆ ಉಂಗುರ ಹಾಕಿಕೊಂಡು ತಂತಿಯ ಉದ್ದಕ್ಕೂ ಸರಿಸಿದರೆ ಸ್ವರ ಎಲ್ಲೂ ಮುರಿಯದೆ ಜಾರುತ್ತದೆ. ವೀಣೆಯ ಜಾರು ಕೇಳಿ ಬೆಳೆದ ಕಿವಿಗೆ ಈ ವಾದ್ಯ ಪರಕೀಯ ಅನಿಸುವುದೇ ಇಲ್ಲ. ಕೊನೆಯ ಒಂದು ನಿಮಿಷದಲ್ಲಿ ಪಿಟೀಲುಗಳು ಶ್ರುತಿ ಬಿಟ್ಟು ಹರಡಿ, ಮತ್ತೆ ಒಟ್ಟಾಗುವ ಜಾಗ ಇದೆಯಲ್ಲ, ಅಲ್ಲಿ ನನಗೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ.

ಈಗ ಅಮ್ನೀಸಿಯಾಕ್. ಹನ್ನೊಂದು ಹಾಡು, 44 ನಿಮಿಷದ ಆಸುಪಾಸು. ಇಲ್ಲಿ ಒಂದರಿಂದ ಇನ್ನೊಂದಕ್ಕೆ ಅಂಥ ಬೆಸುಗೆ ಇಲ್ಲ. 'ಪಲ್ಕ್/ಪುಲ್ ರಿವಾಲ್ವಿಂಗ್ ಡೋರ್ಸ್' ನನಗೆ ಇಷ್ಟವಾಗದ ಟ್ರ್ಯಾಕ್. ಒಳ್ಳೆಯ ಓಟವನ್ನು ಅದು ಮೂರನೆಯ ಜಾಗದಲ್ಲೇ ತಡೆದು ನಿಲ್ಲಿಸುತ್ತದೆ. 'ಹಂಟಿಂಗ್ ಬೇರ್ಸ್' ಕೂಡ ಸುಮ್ನೆ ಬಂದು ಹೋಗುವ ಗಿಟಾರ್ ತುಣುಕು. ಆಲ್ಬಮ್ ಅನ್ನುವ ಲೆಕ್ಕದಲ್ಲಿ ಕಿಡ್ ಎ ಗೆಲ್ಲುತ್ತದೆ. ಅದರಲ್ಲಿ ನನಗೆ ಅನುಮಾನವಿಲ್ಲ.

ಆದರೆ ಒಂದೊಂದೇ ಹಾಡು ತೆಗೆದುಕೊಳ್ಳಿ, ತಕ್ಕಡಿ ಈ ಕಡೆಗೆ ವಾಲುತ್ತದೆ. 'ಪಿರಮಿಡ್ ಸಾಂಗ್' ಒಂದೇ ಸಾಕು. ಪಿಯಾನೋ, ಯಾರ್ಕ್‌ನ ದನಿ, ಅಷ್ಟೇ ಶುರುವಿನಲ್ಲಿ. ಆ ಪಿಯಾನೋದ ಲಯ ಯಾವುದು ಅಂತ ಕೇಳುಗರು ವರ್ಷಗಟ್ಟಲೆ ವಾದ ಮಾಡಿದ್ದಾರೆ. ಒಬ್ಬರು ಇದಕ್ಕೆ ತಾಳವೇ ಇಲ್ಲ ಅನ್ನುತ್ತಾರೆ, ಇನ್ನೊಬ್ಬರು ಸಾದಾ ನಾಲ್ಕರ ಲೆಕ್ಕ ಅನ್ನುತ್ತಾರೆ. ನಮ್ಮವರಿಗೆ ಇದು ಅಷ್ಟು ಕಷ್ಟವಿಲ್ಲ. ಪಿಯಾನೋ ಜೊತೆ ಬಾಯಲ್ಲಿ ಹೇಳಿ ನೋಡಿ: ತಕಿಟ, ತಕಿಟ, ತಕದಿಮಿ, ತಕಿಟ, ತಕಿಟ. ಮೂರು, ಮೂರು, ನಾಲ್ಕು, ಮೂರು, ಮೂರು. ಒಟ್ಟು ಹದಿನಾರು. ಅದನ್ನೇ ಹೇಳುತ್ತಾ ಇರಿ. ಎರಡು ನಿಮಿಷ ದಾಟಿದ ಮೇಲೆ ಫಿಲ್ ಸೆಲ್ವೇ ಡ್ರಮ್ಸ್ ಬರುತ್ತದೆ. ಅಲ್ಲಿಯವರೆಗೆ ನೀರಿನಲ್ಲಿ ತೇಲುತ್ತಿದ್ದ ಹಾಡಿಗೆ ನೆಲ ಸಿಗುತ್ತದೆ. ಅದರ ಹಿಂದೆಯೇ ಪಿಟೀಲುಗಳು ಏಳುತ್ತವೆ. ಪದರದ ಮೇಲೆ ಪದರ ಕಟ್ಟುವುದು ಅಂದರೆ ಇದು.

ಇನ್ನೊಂದು 'ಲೈಕ್ ಸ್ಪಿನ್ನಿಂಗ್ ಪ್ಲೇಟ್ಸ್'. ಬ್ಯಾಂಡ್ 'ಐ ವಿಲ್' ಎಂಬ ಬೇರೆ ಹಾಡಿನ ಮೇಲೆ ಕೆಲಸ ಮಾಡುತ್ತಿತ್ತು. ಆ ರೆಕಾರ್ಡಿಂಗ್ ಹಿಂದುಮುಂದಾಗಿ ಓಡಿದಾಗ ಇದೇ ಚೆನ್ನಾಗಿದೆ ಅನಿಸಿತು. ಯಾರ್ಕ್ ಹೊಸ ಸಾಲುಗಳನ್ನು ಉಲ್ಟಾ ಹಾಡಲು ಕಲಿತ. ಆಮೇಲೆ ಅದನ್ನೂ ತಿರುಗಿಸಿದರು. ಹಾಗಾಗಿ ಪದಗಳು ನೇರ ಕೇಳುತ್ತವೆ, ಉಸಿರು ಮಾತ್ರ ತಪ್ಪು ಕಡೆಯಿಂದ ಬರುತ್ತದೆ. ಸ್ಪೀಕರ್‌ನಲ್ಲಿ ಇದು ಅಷ್ಟಾಗಿ ತಿಳಿಯುವುದಿಲ್ಲ. ಹೆಡ್‌ಫೋನ್‌ನಲ್ಲಿ ಪ್ರತಿ ಅಕ್ಷರವೂ ಒಳಕ್ಕೆ ಎಳೆದುಕೊಂಡ ಹಾಗೆ ಕೇಳಿಸುತ್ತದೆ. ಇಷ್ಟು ಕೆಲಸ ಹಿಡಿದ ಹಾಡನ್ನು 'ಮಿಕ್ಕದ್ದು' ಅನ್ನೋಕೆ ನನಗೆ ಬಾಯಿ ಬರುವುದಿಲ್ಲ.

ಎರಡನ್ನೂ ನೇರವಾಗಿ ತೂಗಿ ನೋಡಲು ಬ್ಯಾಂಡೇ ಒಂದು ದಾರಿ ಬಿಟ್ಟಿದೆ. 'ಮಾರ್ನಿಂಗ್ ಬೆಲ್' ಎರಡೂ ಆಲ್ಬಮ್‌ಗಳಲ್ಲಿದೆ. ಕಿಡ್ ಎ ರೂಪದಲ್ಲಿ ಐದರ ನಡೆ. ಖಂಡಚಾಪು ಗೊತ್ತಿದ್ದವರು ಕೈಯಲ್ಲಿ ಹಾಕಿಕೊಂಡೇ ಕೇಳಬಹುದು. ಡ್ರಮ್ಸ್ ಎಲ್ಲೂ ಸಡಿಲವಾಗುವುದಿಲ್ಲ, ಎಲೆಕ್ಟ್ರಿಕ್ ಪಿಯಾನೋ ಮೇಲೆ ದನಿ ತಣ್ಣಗೆ ಹೋಗುತ್ತದೆ. ಅಮ್ನೀಸಿಯಾಕ್ ರೂಪ ನಿಧಾನ. ಆ ಡ್ರಮ್ಸ್ ಇಲ್ಲ. ಗಂಟೆಗಳು ಬಂದು ಸೇರಿಕೊಳ್ಳುತ್ತವೆ. ಒಡೆದ ಮನೆಯ ಅದೇ ಸಾಲುಗಳು ಇಲ್ಲಿ ಜಾಸ್ತಿ ನೋಯುತ್ತವೆ. ನನ್ನ ಗೆಳೆಯರಲ್ಲಿ ಹೆಚ್ಚಿನವರ ಓಟು ಮೊದಲಿನದಕ್ಕೆ. ಅದರ ಲಯ ಚೆನ್ನಾಗಿದೆ, ನಿಜ. ಆದರೆ ಮಾತು ಮನಸ್ಸಿಗೆ ತಾಗಿದ್ದು ಎರಡನೆಯದರಲ್ಲಿ. ನನ್ನ ಓಟು ಅದಕ್ಕೇ.

ಹಾಗಾಗಿ ಹೊಸದಾಗಿ ಕೇಳುವವರಿಗೆ ನಾನು ಎಲ್ಲರೂ ಹೇಳುವ ಕ್ರಮ ಹೇಳುವುದಿಲ್ಲ. ಅಮ್ನೀಸಿಯಾಕ್‌ನಿಂದ ಶುರು ಮಾಡಿ. 'ಪಿರಮಿಡ್ ಸಾಂಗ್', 'ಯೂ ಅಂಡ್ ಹೂಸ್ ಆರ್ಮಿ', 'ನೈವ್ಸ್ ಔಟ್', ಕೊನೆಗೆ 'ಲೈಫ್ ಇನ್ ಎ ಗ್ಲಾಸ್‌ಹೌಸ್'. ಈ ಕೊನೆಯ ಹಾಡಿನಲ್ಲಿ ಜಾಝ್ ಹಿರಿಯ ಹಂಫ್ರಿ ಲಿಟಲ್‌ಟನ್ ತಂಡ ನುಡಿಸಿದೆ. ಆ ಟ್ರಂಪೆಟ್ ಯಾರನ್ನೂ ಹೊರಗೆ ನಿಲ್ಲಿಸುವುದಿಲ್ಲ. ರಾಗ, ಮಾತು, ದನಿ ಹಿಡಿದು ಸಂಗೀತ ಕೇಳುವ ನಮ್ಮಂಥವರಿಗೆ ಈ ನಾಲ್ಕರಲ್ಲಿ ಹಿಡಿತ ಸಿಗುತ್ತದೆ. ಕಿವಿ ಪಳಗಿದ ಮೇಲೆ ಒಂದು ರಾತ್ರಿ ಕಿಡ್ ಎ ಪೂರ್ತಿ ಕೇಳಿ. ಮಧ್ಯೆ ಏಳಬೇಡಿ.

2021ರಲ್ಲಿ ಎರಡನ್ನೂ ಸೇರಿಸಿ 'ಕಿಡ್ ಎ ಮ್ನೀಸಿಯಾ' ಎಂದು ಬಿಟ್ಟರು. ಅದರ ಮೂರನೆಯ ಭಾಗದಲ್ಲಿ 'ಹೌ ಟು ಡಿಸಪಿಯರ್' ಹಾಡಿನ ಪಿಟೀಲು ಪದರ ಬೇರೆಯಾಗಿ ಸಿಗುತ್ತದೆ. ಪೂರ್ತಿ ಹಾಡು ಚೆನ್ನಾಗಿ ಪರಿಚಯವಾದ ಮೇಲೆಯೇ ಅದನ್ನು ಕೇಳಿ. ಮೊದಲೇ ಕೇಳಿದರೆ ಅದು ಬರೀ ಮಂಜು ಮಂಜು.