ತುರಿದದ್ದಾ, ಪುಡಿಯಾ, ಜಜ್ಜಿದ್ದಾ? ಇತಿಹಾಸ ಓದುವಾಗಿನ ಶುಂಠಿ ಟೀ

ಇತಿಹಾಸದ ಪರೀಕ್ಷೆಗೆ ಓದುತ್ತಿದ್ದ ಮೂರು ವಾರ ದಿನಕ್ಕೆರಡು ಸಲ ಶುಂಠಿ ಟೀ ಮಾಡಿಕೊಂಡೆ. ವಾರಕ್ಕೊಂದು ರೀತಿ. ಯಾವುದು ರುಚಿ ಅನ್ನುವುದರ ಜೊತೆಗೆ ಯಾವುದು ಓದಿಗೆ ಹೊಂದುತ್ತದೆ ಅಂತಲೂ ನೋಡಬೇಕಿತ್ತು.

ಮೊದಲ ವಾರ ಶುಂಠಿ ತುರಿದು ನೇರ ಹಾಲಿಗೇ ಹಾಕಿದೆ. ಘಮ ಚೆನ್ನಾಗಿತ್ತು, ಆದರೆ ಎರಡನೇ ದಿನವೇ ಹಾಲು ಒಡೆಯಿತು. ಹಾಲು ಹಳೆಯದೇನೋ ಅಂತ ಹೊಸದು ತಂದೆ. ಮತ್ತೆ ಅದೇ ಕತೆ. ತಪ್ಪು ಹಾಲಿನದಲ್ಲ. ಹಸಿಶುಂಠಿಯಲ್ಲಿ ಹಾಲಿನ ಪ್ರೋಟೀನ್ ಒಡೆಯುವ ಕಿಣ್ವವೊಂದಿದೆ. ಹಾಲು ಬಿಸಿಯೇರುತ್ತಿರುವಾಗ ಅದು ಜೋರಾಗಿ ಕೆಲಸ ಮಾಡುತ್ತದೆ. ಚೆನ್ನಾಗಿ ಕುದಿಸಿದರೆ ಮಾತ್ರ ಅದರ ಕೆಲಸ ನಿಲ್ಲುತ್ತದೆ. ಮೇಲಾಗಿ ಹಾಲು ಉಕ್ಕೀತು ಅಂತ ಪಾತ್ರೆಯನ್ನೇ ನೋಡುತ್ತಾ ನಿಲ್ಲಬೇಕು. ಓದಿದ್ದು ಅಲ್ಲೇ ಮರೆತುಹೋಗುತ್ತದೆ.

ಎರಡನೇ ವಾರ ಒಣಶುಂಠಿ ಪುಡಿ. ಕಾಲು ಚಮಚ ಸಾಕು, ಮೂರು ನಿಮಿಷದ ಕೆಲಸ. ಶುಂಠಿ ಒಣಗುವಾಗ ಅದಕ್ಕೆ ಖಾರ ಕೊಡುವ ಜಿಂಜರಾಲ್ ಒಂದಷ್ಟು ಶೋಗಾಲ್ ಅನ್ನುವ ಬೇರೆ ಅಂಶವಾಗುತ್ತದೆ. ಶೋಗಾಲ್ ಖಾರ ಜಾಸ್ತಿ, ಗಂಟಲಲ್ಲೇ ಕೂರುತ್ತದೆ. ಹಸಿಶುಂಠಿಯ ಆ ನಿಂಬೆಯಂಥ ಘಮ ಮಾತ್ರ ಇಲ್ಲ. ತಳದಲ್ಲಿ ಗಸಿ ಬೇರೆ. ಬೇಗ ಆಗುತ್ತದೆ ಅನ್ನುವುದೇ ನನಗೆ ತೊಂದರೆಯಾಯಿತು. ಲೋಟ ಹಿಡಿದು ಬಂದು ಅದೇ ಪುಟಕ್ಕೆ ಕೂತು, ಅದೇ ಸಾಲಿಗೆ ಮತ್ತೊಂದು ಗೆರೆ ಎಳೆಯುತ್ತಿದ್ದೆ. ಗೆರೆ ಎಳೆದರೆ ಗೊತ್ತಾದಂತೆ ಅನ್ನಿಸುತ್ತದೆ, ಅಷ್ಟೇ.

ಮೂರನೇ ವಾರ ಒಂದಿಂಚು ಶುಂಠಿ ಜಜ್ಜಿ, ಒಂದು ಲೋಟ ನೀರಿಗೆ ಹಾಕಿ ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಕುದಿಸಿದೆ. ಆಮೇಲೆ ಟೀ ಪುಡಿ, ಎರಡು ನಿಮಿಷ ಬಿಟ್ಟು ಅರ್ಧ ಲೋಟ ಹಾಲು. ಪುಡಿ ಮೊದಲೇ ಹಾಕಿದರೆ ಒಗರಾಗುತ್ತದೆ. ಒಂದು ದಿನವೂ ಹಾಲು ಒಡೆಯಲಿಲ್ಲ.

ಆ ಹತ್ತು ನಿಮಿಷದಲ್ಲಿ ಪುಸ್ತಕ ಮುಚ್ಚಿಟ್ಟು, ಓದಿದ್ದನ್ನು ಪಾತ್ರೆಗೇ ಹೇಳತೊಡಗಿದೆ. ಮೊದಲ ದಿನ ಬಂದದ್ದು ಬಾಸ್ಟನ್ ಟೀ ಪಾರ್ಟಿ, ಅಂದರೆ ಬ್ರಿಟನ್ನಿನ ಕೈಕೆಳಗಿದ್ದ ಅಮೆರಿಕದ ಬಾಸ್ಟನ್ ಬಂದರಿನಲ್ಲಿ ನಡೆದ ಪ್ರತಿಭಟನೆ. "1773ರಲ್ಲಿ ಬ್ರಿಟನ್ ಟೀ ಮೇಲೆ ತೆರಿಗೆ ಏರಿಸಿತು, ಸಿಟ್ಟಾದ ಜನ 342 ಪೆಟ್ಟಿಗೆ ಸಮುದ್ರಕ್ಕೆ ಸುರಿದರು" ಅಂದೆ. ತೆರೆದು ನೋಡಿದರೆ ಅರ್ಧ ತಪ್ಪು! ಆ ವರ್ಷ ತೆರಿಗೆ ಏರಲೇ ಇಲ್ಲ. ಅದು 1767ರದ್ದು. 1773ರ ಕಾಯ್ದೆ ಈಸ್ಟ್ ಇಂಡಿಯಾ ಕಂಪನಿಗೆ ವಸಾಹತುಗಳಲ್ಲಿ ನೇರವಾಗಿ ಟೀ ಮಾರಲು ಬಿಟ್ಟಿತ್ತು, ಅದರಿಂದ ಟೀ ಅಗ್ಗವೇ ಆಗುತ್ತಿತ್ತು. ಅಗ್ಗದ ಟೀಯನ್ನು ಯಾಕೆ ಸುರಿದರು? ಅದನ್ನು ಕೊಂಡರೆ, ತಮ್ಮ ಪ್ರತಿನಿಧಿಗಳೇ ಇಲ್ಲದ ಪಾರ್ಲಿಮೆಂಟ್ ಹಾಕಿದ ತೆರಿಗೆಯನ್ನು ಒಪ್ಪಿದಂತೆ. ಅಲ್ಲಿನ ವ್ಯಾಪಾರಿಗಳಿಗೆ ಹೊಟ್ಟೆಪಾಡಿನ ಭಯವೂ ಇತ್ತು. ಎರಡು ವಾರ ಗೆರೆ ಎಳೆದರೂ ಈ 'ಯಾಕೆ' ನನಗೆ ಕಂಡಿರಲಿಲ್ಲ ನೋಡಿ.

ಹಾಗಾಗಿ ನನ್ನ ಓಟು ಜಜ್ಜಿದ ಶುಂಠಿಗೆ. ರಾತ್ರಿ ಹನ್ನೊಂದರ ಮೇಲೆ ಪುಡಿಯೇ ವಾಸಿ, ಜಜ್ಜುವ ಸದ್ದಿಗೆ ಮನೆಯವರು ಏಳುತ್ತಾರೆ. ತುರಿದು ಹಾಲಿಗೆ ಹಾಕುವುದನ್ನಂತೂ ಬಿಟ್ಟೇಬಿಟ್ಟೆ.

ಒಂದು ಎಚ್ಚರಿಕೆ. ದೊಡ್ಡ ಪಾಠ ಹೇಳಿಕೊಳ್ಳುವುದಾದರೆ ನೀರು ಜಾಸ್ತಿ ಇಡಿ. ಮೊದಲ ಮಹಾಯುದ್ಧದ ಕಾರಣ ಹೇಳುತ್ತಾ ಸರಾಯೆವೋದಲ್ಲಾದ ಯುವರಾಜನ ಕೊಲೆಯಿಂದ ಹೊರಟವಳು ಬೆಲ್ಜಿಯಂ ಮೇಲಿನ ದಾಳಿ ಮುಟ್ಟುವಷ್ಟರಲ್ಲಿ ಪಾತ್ರೆ ಸೀದಿತ್ತು.