ತೂಕ ನಿಂತುಬಿಟ್ಟಾಗ: ಅರೆಹೊಟ್ಟೆ, ಉಪವಾಸ, ನಡಿಗೆ, ಡಯಟ್ ಬ್ರೇಕ್, ಭಾರ – ಮಾಡಿ ನೋಡಿದ ಹೋಲಿಕೆ

ಬೇಗ ಬೇಗ ತೂಕ ಇಳಿಸಿದವರಿಗೆ ಒಂದು ಹಂತದಲ್ಲಿ ಕಾಟಾ (ತೂಕದ ಯಂತ್ರ) ನಿಂತುಬಿಡುತ್ತದೆ. ಊಟ ಮೊದಲಿನಷ್ಟೇ ಕಡಿಮೆ, ಹಸಿವು ಮೊದಲಿಗಿಂತ ಜಾಸ್ತಿ, ಅಂಕಿ ಮಾತ್ರ ಕದಲೋದಿಲ್ಲ. ನನಗೆ ಅದು 73 ಕೆಜಿಗೆ ಬಂದಾಗ ಆಯಿತು. ಬೆಳಗ್ಗೆ ಪ್ರೋಟೀನ್ ಶೇಕ್, ಮಧ್ಯಾಹ್ನ ಸೌತೆಕಾಯಿ ಮತ್ತು ಮೊಟ್ಟೆ, ರಾತ್ರಿ ಸೂಪ್ ಅಂತ ಎರಡೇ ತಿಂಗಳಲ್ಲಿ 82ರಿಂದ ಅಲ್ಲಿಗೆ ಇಳಿದಿದ್ದೆ. ಆಮೇಲೆ ವಾರಗಟ್ಟಲೆ ಅಲ್ಲೇ.

ಒಂದಾದ ಮೇಲೆ ಒಂದು ಐದು ದಾರಿ ಹಿಡಿದು ನೋಡಿದ್ದೇನೆ. ನನ್ನ ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಅಡುಗೆ ಅಂದರೆ ರೊಟ್ಟಿ, ಪಲ್ಯ, ಹಿಂಡಿ (ಚಟ್ನಿಪುಡಿ), ಮಜ್ಜಿಗೆ. ಇಂಥ ಮನೆಯಲ್ಲಿ ಯಾವುದು ನಡೆಯುತ್ತದೆ, ಯಾವುದು ನಡೆಯೋದಿಲ್ಲ ಅಂತ ಹೇಳಬೇಕು ಅನ್ನಿಸಿತು. ಉತ್ತರ ಮೊದಲೇ ಹೇಳಿಬಿಡುತ್ತೇನೆ: ಎರಡು ವಾರ ಊಟ ಸ್ವಲ್ಪ ಜಾಸ್ತಿ ಮಾಡಿ (ಇದೇ ಡಯಟ್ ಬ್ರೇಕ್), ಭಾರ ಎತ್ತಿದ್ದೇ ನನಗೆ ಕೆಲಸಕ್ಕೆ ಬಂತು. ಉಳಿದ ಮೂರರಲ್ಲಿ ನಡಿಗೆ ಇಟ್ಟುಕೊಂಡಿದ್ದೇನೆ, ಎರಡನ್ನು ಬಿಟ್ಟಿದ್ದೇನೆ.

ಯಾಕೆ ನಿಲ್ಲುತ್ತದೆ ಅನ್ನೋದು ಗೊತ್ತಾದರೆ ಅರ್ಧ ಗಾಬರಿ ಹೋಗುತ್ತದೆ. ಮೊದಲ ವಾರ ಸರ್ರನೆ ಇಳಿಯೋದರಲ್ಲಿ ದೊಡ್ಡ ಪಾಲು ನೀರು. ನಮ್ಮ ಲಿವರ್ ಮತ್ತು ಸ್ನಾಯುಗಳಲ್ಲಿ ಗ್ಲೈಕೋಜನ್ ಅನ್ನೋ ಸಕ್ಕರೆಯ ದಾಸ್ತಾನು ಇರುತ್ತದೆ. ಅದರ ಒಂದು ಗ್ರಾಂ ತನ್ನ ಜೊತೆ ಸುಮಾರು ಮೂರು ಗ್ರಾಂ ನೀರು ಹಿಡಿದುಕೊಂಡಿರುತ್ತದೆ. ಊಟ ಕಡಿಮೆ ಆದಾಗ ದಾಸ್ತಾನು ಖಾಲಿ, ನೀರೂ ಖಾಲಿ. ಕೊಬ್ಬು ಹಾಗಲ್ಲ. ಒಂದು ಕೆಜಿ ಕೊಬ್ಬು ಕರಗಬೇಕಂದರೆ ಸುಮಾರು 7,700 ಕ್ಯಾಲೊರಿ ಕೊರತೆ ಬೀಳಬೇಕು. ಅದು ನಿಧಾನದ ಕೆಲಸ.

ಅಷ್ಟರಲ್ಲಿ ಮೈಯೂ ತನ್ನ ಖರ್ಚು ಕಡಿಮೆ ಮಾಡಿಕೊಳ್ಳುತ್ತದೆ. ಹಗುರಾದ ಮೈಗೆ ಶಕ್ತಿ ಕಡಿಮೆ ಸಾಕು, ಅದು ಒಂದು. ಭಾರ ಎತ್ತದೆ, ಪ್ರೋಟೀನ್ ಸರಿಯಾಗಿ ತಿನ್ನದೆ ಇಳಿಸಿದರೆ ಕೊಬ್ಬಿನ ಜೊತೆ ಸ್ನಾಯುವೂ ಹೋಗುತ್ತದೆ, ಅದು ಇನ್ನೊಂದು. ಮೂರನೆಯದು ನಮ್ಮ ಕಣ್ಣಿಗೇ ಬೀಳೋದಿಲ್ಲ: ಓಡಾಟ ಕಡಿಮೆ ಆಗುತ್ತದೆ. ಕೂತಲ್ಲೇ ಕೂರುತ್ತೇವೆ, ಮೇಲಿನ ಮಹಡಿಗೆ ಮಗನನ್ನು ಕಳಿಸುತ್ತೇವೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟಾದಲ್ಲಿ ಆನ್ಸೆಲ್ ಕೀಸ್ ಅನ್ನೋ ವಿಜ್ಞಾನಿ 36 ಯುವಕರನ್ನು ಆರು ತಿಂಗಳು ಅರೆಹೊಟ್ಟೆಯಲ್ಲಿ ಇಟ್ಟು ನೋಡಿದ್ದರು. ಅವರ ತೂಕ ಕಾಲುಭಾಗದಷ್ಟು ಇಳಿಯಿತು. ಜೊತೆಗೆ ಚಳಿ, ಸುಸ್ತು, ಸದಾ ಊಟದ್ದೇ ಯೋಚನೆ, ಕಾಲಿನಲ್ಲಿ ನೀರು ತುಂಬಿದ ಊತ. ಊತದ ವಿಷಯ ನೆನಪಿಡಬೇಕು. ಒಳಗೆ ಕೊಬ್ಬು ಕರಗುತ್ತಿದ್ದರೂ ಮೈಯಲ್ಲಿ ನಿಂತ ನೀರು ಕಾಟಾದ ಮೇಲೆ ಅದನ್ನು ಮುಚ್ಚಿಡಬಲ್ಲದು.

ಅದಕ್ಕೇ ನಾನು ಬರೀ ಕಾಟಾ ನಂಬಲಿಲ್ಲ. ದಿನಾ ಬೆಳಗ್ಗೆ ತೂಗಿ ವಾರದ ಸರಾಸರಿ ತೆಗೆದೆ. ಜೊತೆಗೆ ದರ್ಜಿ ಟೇಪಿನಲ್ಲಿ ಸೊಂಟದ ಅಳತೆ. ಭಾರತೀಯ ಹೆಂಗಸರಿಗೆ 80 ಸೆಂಟಿಮೀಟರ್, ಗಂಡಸರಿಗೆ 90 ದಾಟಿದರೆ ಹೊಟ್ಟೆಯ ಕೊಬ್ಬು ಅಪಾಯದ ಮಟ್ಟಕ್ಕೆ ಬಂದಿದೆ ಅಂತ ಲೆಕ್ಕ. 80ರೊಳಗೆ ಇರಬೇಕಾದ ನನ್ನದು 94 ಇತ್ತು.

ಇನ್ನೂ ಕಡಿಮೆ ತಿನ್ನೋದು

ಎಲ್ಲರಿಗೂ ಮೊದಲು ಹೊಳೆಯೋ ದಾರಿ ಇದು. ರಾತ್ರಿಯ ಸೂಪ್ ತೆಗೆದು ಮಜ್ಜಿಗೆ ಮಾತ್ರ ಇಟ್ಟೆ. ಅರ್ಧ ಕೆಜಿ ಇಳಿದು ಮತ್ತೆ ನಿಂತಿತು. ಬದಲಿಗೆ ಬಂದಿದ್ದು ತಲೆಸುತ್ತು, ಸಿಡುಕು, ಬಾಚಣಿಗೆ ತುಂಬ ಕೂದಲು. ವೇಗವಾಗಿ ತೂಕ ಇಳಿದ ಎರಡು-ಮೂರು ತಿಂಗಳಿಗೆ ಕೂದಲು ಉದುರೋದು ಸಾಮಾನ್ಯ ಅಂತ ಡಾಕ್ಟರು ಹೇಳಿದರು. ಥೈರಾಯ್ಡ್ ಮತ್ತು ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿದರು, ಎರಡೂ ಸರಿ ಇದ್ದವು. ಹೀಗೆ ಇಳಿಸುವವರಲ್ಲಿ ಪಿತ್ತಕೋಶದ ಕಲ್ಲು ಆಗೋ ಸಂಭವವೂ ಜಾಸ್ತಿ. ದಿನಕ್ಕೆ 800 ಕ್ಯಾಲೊರಿಗಿಂತ ಕೆಳಗಿನ ಡಯಟ್ ಅನ್ನು ಡಾಕ್ಟರ ನಿಗಾ ಇಲ್ಲದೆ ಯಾರೂ ಮಾಡಬಾರದು. ಈ ದಾರಿಯ ಬಗ್ಗೆ ಇದಕ್ಕಿಂತ ಹೆಚ್ಚು ಹೇಳೋದಿಲ್ಲ.

16 ಗಂಟೆ ಉಪವಾಸ

ಮಧ್ಯಾಹ್ನ 12ಕ್ಕೆ ಮೊದಲ ಊಟ, ರಾತ್ರಿ 8ರೊಳಗೆ ಕೊನೆಯದು. ಆಫೀಸಿನ ದಿನಗಳಲ್ಲಿ ಸುಲಭ. ಬೆಳಗಿನ ಗಡಿಬಿಡಿಯಲ್ಲಿ ತಿಂಡಿಯ ಚಿಂತೆಯೇ ಇಲ್ಲ. ಸೋಮವಾರ, ಏಕಾದಶಿ ಅಂತ ಉಪವಾಸ ಮಾಡಿ ರೂಢಿ ಇರೋ ನಮ್ಮ ಮನೆಗಳಲ್ಲಿ ಯಾರೂ ಪ್ರಶ್ನೆ ಮಾಡೋದಿಲ್ಲ. ಆದರೆ 12ಕ್ಕೆ ಡಬ್ಬಿ ಬಿಚ್ಚಿದಾಗ ಎರಡು ರೊಟ್ಟಿ ತಿನ್ನೋ ಜಾಗದಲ್ಲಿ ನಾಲ್ಕು. ಕಾಟಾ ಎಲ್ಲಿತ್ತೋ ಅಲ್ಲೇ. 2022ರಲ್ಲಿ ಪ್ರಕಟವಾದ, ಚೀನಾದಲ್ಲಿ ಬೊಜ್ಜು ಇರೋ 139 ಜನರ ಮೇಲೆ ಒಂದು ವರ್ಷ ನಡೆದ ಅಧ್ಯಯನವೂ ಇದನ್ನೇ ಹೇಳುತ್ತದೆ. ಊಟಕ್ಕೆ ಹೊತ್ತು ಕಟ್ಟಿಕೊಂಡ ಗುಂಪು, ಕಟ್ಟಿಕೊಳ್ಳದ ಗುಂಪು ಎರಡೂ ಅಷ್ಟೇ ಕ್ಯಾಲೊರಿ ಕಡಿಮೆ ತಿಂದಾಗ, ಹೊತ್ತು ಕಟ್ಟಿಕೊಂಡವರಿಗೆ ಹೇಳಿಕೊಳ್ಳುವಂಥ ಹೆಚ್ಚಿನ ಲಾಭ ಸಿಗಲಿಲ್ಲ. ಹೊತ್ತು ಹಿಡಿದರೆ ಊಟ ತಾನಾಗೇ ಕಡಿಮೆ ಆಗುವವರಿಗೆ ಇದು ಒಗ್ಗುತ್ತದೆ. ನನಗೆ ಒಗ್ಗಲಿಲ್ಲ. ಶುಗರ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಡಾಕ್ಟರನ್ನು ಕೇಳದೆ ಇದಕ್ಕೆ ಕೈ ಹಾಕಬೇಡಿ, ಶುಗರ್ ದಿಢೀರ್ ಇಳಿಯಬಹುದು.

ನಡಿಗೆ

ಧಾರವಾಡದಲ್ಲಿ ನಡೆಯೋಕೆ ಜಾಗಕ್ಕೆ ಬರ ಇಲ್ಲ. ಬೆಳಗ್ಗೆ ಕರ್ನಾಟಕ ವಿಶ್ವವಿದ್ಯಾಲಯದ ಕ್ಯಾಂಪಸ್ಸಿನಲ್ಲಿ ಮರಗಳ ನೆರಳು, ಏರು-ಇಳುಕಲಿನ ರಸ್ತೆ, ಜೊತೆಗೆ ನೂರಾರು ಜನ. ರಜೆಯ ದಿನ ಕೆಲಗೇರಿ ಕೆರೆ. ಹುಬ್ಬಳ್ಳಿಯವರಿಗೆ ಉಣಕಲ್ ಕೆರೆ, ಏರು ಬೇಕಂದರೆ ನೃಪತುಂಗ ಬೆಟ್ಟ. ಆಫೀಸಿನ ದಿನ ನಾನು ಚಿಗರಿ ಬಸ್ಸಿನಿಂದ (ಹುಬ್ಬಳ್ಳಿ-ಧಾರವಾಡ ನಡುವೆ ಓಡೋ ಬಸ್ಸು) ವಿದ್ಯಾನಗರದಲ್ಲೇ ಇಳಿದು ಉಳಿದ ದಾರಿ ನಡೆಯುತ್ತೇನೆ.

ಮನಸ್ಸಿಗೆ ಇದರಷ್ಟು ಒಳ್ಳೆಯದು ಬೇರೆ ಇಲ್ಲ. ನಿದ್ದೆ ಸುಧಾರಿಸಿತು, ಸಿಡುಕು ಹೋಯಿತು. ಆದರೆ ಲೆಕ್ಕ ನೋಡಿ. ನನ್ನ ತೂಕದವರು ಒಂದು ಗಂಟೆ ಸ್ವಲ್ಪ ಬಿರುಸಾಗಿ ನಡೆದರೆ ಖರ್ಚಾಗೋದು ಸುಮಾರು 250 ಕ್ಯಾಲೊರಿ. ಅದರಲ್ಲೂ ಸುಮ್ನೆ ಕೂತಿದ್ದರೂ ಖರ್ಚಾಗುತ್ತಿದ್ದ ಪಾಲು ಸೇರಿದೆ. ವಾಕಿಂಗ್ ಮುಗಿಸಿ ಬರುವಾಗ ಒಂದು ಪ್ಲೇಟ್ ಗಿರ್ಮಿಟ್ (ಮಸಾಲೆ ಮಂಡಕ್ಕಿ), ಮೇಲೆ ಎರಡು ಮಿರ್ಚಿ ಭಜಿ ತಿಂದರೆ ಅಲ್ಲಿಗೇ ಮುಗಿಯಿತು. ಒಂದು ತಿಂಗಳಲ್ಲಿ ನನ್ನ ತೂಕ ಒಂದು ಕೆಜಿಯ ಹತ್ತಿರ ಇಳಿಯಿತು, ಸೊಂಟ ಒಂದು ಸೆಂಟಿಮೀಟರ್. ನಿಂತ ಗಾಡಿ ಕದಲಿತು, ಓಡಲಿಲ್ಲ.

ಡಯಟ್ ಬ್ರೇಕ್

ಇದನ್ನು ಶುರು ಮಾಡೋಕೆ ಧೈರ್ಯ ಬೇಕು. ತೂಕ ಇಳಿಸಬೇಕು ಅನ್ನುವವರಿಗೆ ಜಾಸ್ತಿ ಉಣ್ಣು ಅಂದರೆ ಯಾರು ಒಪ್ಪುತ್ತಾರೆ? ಎರಡು ವಾರ ಕೊರತೆ ಇಲ್ಲದೆ ತಿನ್ನೋದು, ಅಂದರೆ ಈಗಿನ ತೂಕಕ್ಕೆ ಎಷ್ಟು ಬೇಕೋ ಅಷ್ಟು. ನನ್ನ ಎತ್ತರ, ವಯಸ್ಸು, ತೂಕಕ್ಕೆ ಅದು 1,700 ಕ್ಯಾಲೊರಿ ಆಸುಪಾಸು. ಹಬ್ಬದೂಟ ಅಲ್ಲ, ಸರಿಯಾದ ಊಟ. ಮೂರು ರೊಟ್ಟಿ, ಮಡಕಿಕಾಳಿನ ಪಲ್ಯ, ಹಸಿ ಮೆಂತ್ಯೆ, ಮೊಸರು, ರಾತ್ರಿ ಒಂದು ಬಟ್ಟಲು ಅನ್ನ.

ಮೊದಲ ವಾರ ಕಾಟಾ ಒಂದು ಕೆಜಿಗಿಂತ ಜಾಸ್ತಿ ಏರಿತು. ಇಲ್ಲೇ ಬಹಳ ಜನ ಹೆದರಿ ಬಿಟ್ಟುಬಿಡುತ್ತಾರೆ. ಬಿಡಬೇಡಿ. ಅದು ಗ್ಲೈಕೋಜನ್ ಮತ್ತು ಅದರ ನೀರು ಮರಳಿ ಬಂದಿದ್ದು, ಕೊಬ್ಬಲ್ಲ. ಸೊಂಟದ ಟೇಪ್ ಕದಲಿರಲಿಲ್ಲ. ಎರಡನೇ ವಾರ ಏರಿಕೆ ನಿಂತಿತು. ಕೈಕಾಲು ಬೆಚ್ಚಗಾದವು, ರಾತ್ರಿ ಎಚ್ಚರ ಆಗೋದು ತಪ್ಪಿತು. ‘ಉಣ್ಣಾಕ ಹತ್ತಿದ ಮ್ಯಾಲ ಮುಖಕ್ಕ ಕಳಾ ಬಂತು ನೋಡವ್ವಾ’ ಅಂದರು ಅತ್ತೆ. ಆಮೇಲೆ ಊಟವನ್ನು 1,400ಕ್ಕೆ ಇಳಿಸಿದೆ, ಮೊದಲಿನ ಹಾಗೆ 900ಕ್ಕಲ್ಲ. ಏರಿದ್ದೂ ಹೋಯಿತು, ನಿಂತಿದ್ದ ಅಂಕಿಯೂ ಕೆಳಗಿಳಿಯಿತು.

ಆಸ್ಟ್ರೇಲಿಯಾದ ಟಾಸ್ಮೇನಿಯಾ ವಿಶ್ವವಿದ್ಯಾಲಯದವರು ಬೊಜ್ಜು ಇರೋ ಗಂಡಸರಲ್ಲಿ ಇದನ್ನೇ ಪರೀಕ್ಷೆ ಮಾಡಿ 2017ರಲ್ಲಿ ಪ್ರಕಟಿಸಿದ್ದರು. ಎರಡು ವಾರ ಡಯಟ್, ಎರಡು ವಾರ ಬಿಡುವು ಅಂತ ಮಾಡಿದವರು ಸುಮಾರು 14 ಕೆಜಿ ಇಳಿದರು. ಬಿಡುವಿಲ್ಲದೆ ಅಷ್ಟೇ ವಾರ ಡಯಟ್ ಮಾಡಿದವರು ಸುಮಾರು 9. ಮುಂದಿನ ಅಧ್ಯಯನಗಳಲ್ಲಿ ಎಲ್ಲ ಕಡೆ ಇಷ್ಟು ವ್ಯತ್ಯಾಸ ಬಂದಿಲ್ಲ, ಹಾಗಾಗಿ ಇದನ್ನು ಮಂತ್ರ ಅಂತ ನಾನು ಹೇಳೋದಿಲ್ಲ. ನನಗೆ ಕಂಡ ದೊಡ್ಡ ಲಾಭ ಅಂದರೆ ಹಸಿವು ಹತೋಟಿಗೆ ಬಂತು. ಹಸಿವು ಹತೋಟಿಗೆ ಬಂದರೆ ಸುಳ್ಳೇ ಏನೋ ಒಂದು ಬಾಯಿಗೆ ಹಾಕಿಕೊಳ್ಳೋದು ತಪ್ಪುತ್ತದೆ.

ಎಣ್ಣೆಯ ಮಾತು ಇಲ್ಲೇ ಹೇಳಬೇಕು. ಬ್ರೇಕ್ ಹೊತ್ತಿನಲ್ಲಿ ಅಡುಗೆಮನೆಗೆ ಒಂದು ಸಣ್ಣ ಡಿಜಿಟಲ್ ತಕ್ಕಡಿ ತಂದೆ. ಒಂದು ರೊಟ್ಟಿಗೆ 40 ಗ್ರಾಂ ಜೋಳದ ಹಿಟ್ಟು, ಅಂದರೆ 140 ಕ್ಯಾಲೊರಿ. ರೊಟ್ಟಿ ಬಡವರ ಬಂಧು, ಅದರದ್ದೇನೂ ತಪ್ಪಿಲ್ಲ. ಅದರ ಪಕ್ಕದ್ದು ನೋಡಿ: ಎರಡು ಚಮಚ ಶೇಂಗಾ ಹಿಂಡಿ, ಅದರ ನಡುವೆ ಗುಂಡಿ ಮಾಡಿ ಸುರಿಯೋ ಎಣ್ಣೆ. ಒಂದು ದೊಡ್ಡ ಚಮಚ ಎಣ್ಣೆಗೇ 120 ಕ್ಯಾಲೊರಿ. ಹಿಂಡಿ ಸೇರಿದರೆ ರೊಟ್ಟಿಗಿಂತ ಜಾಸ್ತಿ. ಬದನೆಕಾಯಿ ಎಣಗಾಯಿಯ ಮೇಲೆ ತೇಲೋ ಎಣ್ಣೆ ಬೇರೆ. ಡಯಟ್ ಮಾಡಿದರೂ ತೂಕ ಇಳಿಯುತ್ತಿಲ್ಲ ಅನ್ನುವವರ ಮೇಲೆ ಅಮೆರಿಕದಲ್ಲಿ ನಡೆದು 1992ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಅವರು ತಾವು ತಿಂದದ್ದನ್ನು ಸರಾಸರಿ 47% ಕಡಿಮೆ ಹೇಳುತ್ತಿದ್ದದ್ದು ಗೊತ್ತಾಯಿತು. ಸುಳ್ಳು ಹೇಳಿದರು ಅಂತಲ್ಲ, ಕಣ್ಣಳತೆ ಹಾಗೇ ಇರುತ್ತದೆ. ಒಗ್ಗರಣೆಗೆ ಬಾಟ್ಲಿ ಬಗ್ಗಿಸೋದು ಬಿಟ್ಟು ಚಮಚ ಹಿಡಿದಿದ್ದು, ಹಿಂಡಿಗೆ ಎಣ್ಣೆಯ ಬದಲು ಮೊಸರು ಕಲಸಿದ್ದು – ಯಾವ ದಾರಿ ಹಿಡಿದರೂ ಇವೆರಡು ಬೇಕೇ ಬೇಕು.

ಭಾರ ಎತ್ತೋದು, ಪ್ರೋಟೀನ್ ತಿನ್ನೋದು

ಹೆಂಗಸರಿಗೆ ಇದನ್ನು ಯಾರೂ ಹೇಳೋದೇ ಇಲ್ಲ. ಜಿಮ್‌ಗೆ ಹೋದರೂ ಟ್ರೆಡ್‌ಮಿಲ್ ತೋರಿಸಿ ಸುಮ್ಮನಾಗುತ್ತಾರೆ. ನನಗೆ ಸಿಕ್ಕ ತರಬೇತುದಾರ ಹುಡುಗ ಬೇರೆ ಥರ. ‘ಅಕ್ಕಾರ, ಕಾಟಾ ಹತ್ತೂದು ಆಮ್ಯಾಲ, ಮೊದಲ ಈ ರಾಡ್ ಎತ್ರಿ’ ಅಂದ. ವಾರಕ್ಕೆ ಮೂರು ದಿನ, ಮುಕ್ಕಾಲು ಗಂಟೆ: ಬೈಠಕ್ (ಭಾರ ಹೊತ್ತು ಕೂತು ಏಳೋದು), ಭಾರ ನೆಲದಿಂದ ಎತ್ತೋದು, ಎದೆಗೆ ಮತ್ತು ಬೆನ್ನಿಗೆ ಒಂದೊಂದು. ವಾರ ವಾರ ಸ್ವಲ್ಪ ಭಾರ ಜಾಸ್ತಿ. ಅದೇ ಮುಖ್ಯ, ಒಂದೇ ಡಂಬೆಲ್ ವರ್ಷಗಟ್ಟಲೆ ಆಡಿಸಿದರೆ ಏನೂ ಆಗೋದಿಲ್ಲ. ಜಿಮ್ ಬೇಡ ಅನ್ನುವವರು ಮನೆಯಲ್ಲೂ ಮಾಡಬಹುದು. ನೀರು ಬಿಡೋ ದಿನ ಕೊಡ ಹೊತ್ತು ಮಹಡಿ ಹತ್ತೋ ಊರು ನಮ್ಮದು. ಬಕೆಟ್‌ಗೆ ಅಳತೆಯಾಗಿ ನೀರು ತುಂಬಿ, ಬೆನ್ನು ನೆಟ್ಟಗಿಟ್ಟು ಎತ್ತಿ ಇಳಿಸಿದರೆ ಅದೂ ಭಾರವೇ.

ಪ್ರೋಟೀನ್ ಇಲ್ಲದೆ ಇದು ಅರ್ಧ ಕೆಲಸ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 2020ರಲ್ಲಿ ಹೇಳಿದ ಅಳತೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ. ಊಟ ಕಡಿಮೆ ಮಾಡಿ ಭಾರ ಎತ್ತುವವರಿಗೆ ಸಾಮಾನ್ಯವಾಗಿ 1.2ರಿಂದ 1.6 ಹೇಳುತ್ತಾರೆ. ನಾನು ದಿನಕ್ಕೆ 80 ಗ್ರಾಂ ಮೇಲೆ ಹಿಡಿದೆ. ಎರಡು ಮೊಟ್ಟೆ 12, ರೊಟ್ಟಿಯ ಜೋಳದಿಂದಲೇ 12, ಹೆಸರುಕಾಳು ಪಲ್ಯ 12, ಒಂದು ಹಿಡಿ ಸೋಯಾ 15. ಉಳಿದದ್ದು ಮೊಸರು, ಹಾಲು, ಪನೀರ್, ಪುಟಾಣಿ (ಹುರಿಗಡಲೆ). ಮೊಟ್ಟೆ ತಿನ್ನದವರು ಸೋಯಾ, ಪನೀರ್ ಸ್ವಲ್ಪ ಜಾಸ್ತಿ ಮಾಡಿದರೆ ಆಯಿತು. ಪ್ರೋಟೀನ್‌ನಲ್ಲಿ ಇನ್ನೊಂದು ಗುಣ ಇದೆ: ಅದರ ಕ್ಯಾಲೊರಿಯ 20–30% ಅದನ್ನು ಅರಗಿಸೋಕೇ ಖರ್ಚಾಗುತ್ತದೆ. ಹೊಟ್ಟೆಯೂ ಬಹಳ ಹೊತ್ತು ತುಂಬಿದ ಹಾಗಿರುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಮೊದಲು ಡಾಕ್ಟರನ್ನು ಕೇಳಬೇಕು.

ಫಲಿತಾಂಶ ವಿಚಿತ್ರವಾಗಿ ಬಂತು. ಮೊದಲ ತಿಂಗಳು ಕಾಟಾ ಬಹಳ ಕದಲಲಿಲ್ಲ, ಸೊಂಟ ಮೂರು ಸೆಂಟಿಮೀಟರ್ ಇಳಿಯಿತು. ಹೊಸದಾಗಿ ವ್ಯಾಯಾಮ ಶುರು ಮಾಡಿದಾಗ ಸ್ನಾಯುಗಳಲ್ಲಿ ಸ್ವಲ್ಪ ನೀರು ನಿಲ್ಲುತ್ತದೆ, ಅದಕ್ಕೇ ತೂಕ ಸುಳ್ಳು ಹೇಳುತ್ತದೆ. ಆಮೇಲೆ ಅಂಕಿಯೂ ಇಳಿಯುತ್ತ ಹೋಯಿತು. ಈಗ ಆರೇಳು ತಿಂಗಳ ಮೇಲೆ ನಾನು 67, ಸೊಂಟ 85. ಇನ್ನೂ ಐದು ಸೆಂಟಿಮೀಟರ್ ಬಾಕಿ ಇದೆ.

ಪಕ್ಕಪಕ್ಕ ಇಟ್ಟರೆ

ಖರ್ಚಿನಲ್ಲಿ ಜಿಮ್ ಮಾತ್ರ ಭಾರ. ನಾನು ಹೋಗೋ ಕಡೆ ತಿಂಗಳಿಗೆ ಸಾವಿರದ ಮೇಲೆ, ಮೊಟ್ಟೆ-ಪನೀರಿನ ಖರ್ಚು ಬೇರೆ. ಉಳಿದ ನಾಲ್ಕಕ್ಕೆ ಕಾಸು ಬೇಡ. ಹಸಿವಿನಲ್ಲಿ ಅರೆಹೊಟ್ಟೆ ಎಲ್ಲಕ್ಕಿಂತ ಕೆಟ್ಟದ್ದು, ಅದರ ನಂತರ 16 ಗಂಟೆ. ಬ್ರೇಕ್ ಮತ್ತು ಪ್ರೋಟೀನ್ ಎರಡರಲ್ಲೂ ಹಸಿವಿನ ಕಾಟ ಇಲ್ಲ. ಬೇಗ ಕಣ್ಣಿಗೆ ಕಾಣೋದು ಬ್ರೇಕ್ ಮುಗಿದ ನಂತರದ ಇಳಿತ. ನಿಧಾನಕ್ಕೆ ಕಂಡರೂ ಉಳಿಯೋದು ಭಾರದ್ದು. ಇವೆಲ್ಲ ಒಂದಾದ ಮೇಲೆ ಒಂದು ಮಾಡಿದ್ದರಿಂದ, ಭಾರಕ್ಕೆ ಬ್ರೇಕ್‌ನ ಸಹಾಯವೂ ಸಿಕ್ಕಿದೆ ಅನ್ನೋದು ನಿಜ. ಬ್ರೇಕ್ ಇಲ್ಲದೆ 900 ಕ್ಯಾಲೊರಿ ಮೇಲೆ ರಾಡ್ ಎತ್ತೋ ಶಕ್ತಿಯೇ ನನಗೆ ಇರುತ್ತಿರಲಿಲ್ಲ.

ಹಾಗಾಗಿ ಈಗಷ್ಟೇ ತೂಕ ನಿಂತು ಬೇಸರದಲ್ಲಿ ಇರುವವರು ಮೊದಲು ಎರಡು ವಾರ ಸರಿಯಾಗಿ ಉಣ್ಣಿ, ಆ ವಾರಗಳಲ್ಲೇ ಭಾರ ಶುರು ಮಾಡಿ, ಆಮೇಲೆ 300–400 ಕ್ಯಾಲೊರಿ ಮಾತ್ರ ಕಡಿಮೆ ಮಾಡಿ. ಮೊಣಕಾಲು ನೋವು ಇರುವವರು, ವಯಸ್ಸಾದವರು ನಡಿಗೆಯಿಂದ ಶುರು ಮಾಡಿ ನಿಧಾನಕ್ಕೆ ಬಕೆಟ್‌ಗೆ ಬನ್ನಿ. ಮುಟ್ಟು ತಪ್ಪಿದ್ದರೆ, ತಲೆಸುತ್ತು ಹೋಗದಿದ್ದರೆ, ಯಾವ ಹೋಲಿಕೆಯೂ ಬೇಡ, ಮೊದಲು ಡಾಕ್ಟರ ಹತ್ತಿರ ಹೋಗಿ.

ನನ್ನ ಮುಂದಿನ ಬ್ರೇಕ್ ಅನ್ನು ನಾಗರ ಪಂಚಮಿಗೆ ಸರಿಯಾಗಿ ಇಟ್ಟುಕೊಂಡಿದ್ದೇನೆ. ಶೇಂಗಾ ಉಂಡಿ, ಎಳ್ಳುಂಡಿ ದಿನಕ್ಕೆ ಒಂದರಂತೆ ಆ 1,700ರ ಲೆಕ್ಕದೊಳಗೇ ಕೂರುತ್ತವೆ. ಎಣ್ಣೆಯ ಚಮಚ ಮಾತ್ರ ಅವತ್ತೂ ಡಬ್ಬಿಯ ಪಕ್ಕದಲ್ಲೇ ಇರುತ್ತದೆ.