ಕಾವಿಗೆ ಕುಂತ ಕೋಳಿ ಇದ್ರ ಮಶೀನ್ ಬ್ಯಾಡ, ಈ ಕೆಂಪು ತಳದ ಡ್ರಿಂಕರ್ ತಗೊಳ್ರಿ

ಜವಾರಿ ಕೋಳಿ ಸಾಕೋರಿಗೆ ಮೊದ್ಲ ಹೇಳಿಬಿಡ್ತೀನಿ, ಮನ್ಯಾಗ ಒಂದು ಕೋಳಿ ಕಾವಿಗೆ ಕುಂತೈತಿ ಅಂದ್ರ ತತ್ತಿಗೆ ಕಾವು ಕೊಟ್ಟು ಮರಿ ಮಾಡೋ ಮಶೀನ್, ಅಂದ್ರ ಇನ್‌ಕ್ಯುಬೇಟರಿಗೆ ರೊಕ್ಕ ಹಾಕಬ್ಯಾಡ್ರಿ, ಅದರಾಗ ಒಂದೀಟು ಮರಿ ಹೊರಗ ಬಂದ ಮ್ಯಾಲೆ ಬೇಕಾಗೋ ಸಾಮಾನಿಗೆ ಹಾಕ್ರಿ. ನಾನು ಹುಬ್ಬಳ್ಳಿ ಅಮರಗೋಳ ಎಪಿಎಂಸಿ ಕಡೆ ಒಂದು ಫೀಡ್ ಅಂಗಡ್ಯಾಗ ಮರಿ ನೀರು ಕುಡಿಯೋ ಒಂದು ಲೀಟರಿನ ಪ್ಲಾಸ್ಟಿಕ್ ಡ್ರಿಂಕರ್, ಕಾಳು ತಿನ್ನೋ ತೂತು ತೂತಿನ ಉದ್ದನ ಫೀಡರ್, ಆಮೇಲೆ ಸಣ್ಣ ಮರಿಗೆ ಹಾಕೋ ಫೀಡ್ ಚಿಕ್ ಸ್ಟಾರ್ಟರ್ ತಗೊಂಡೆ. ಡ್ರಿಂಕರಿಗೆ ಐದಕ್ಕ ಐದು ಸ್ಟಾರ್, ಸ್ಟಾರ್ಟರಿಗೆ ನಾಲ್ಕು, ಫೀಡರಿಗೆ ಎರಡ.

ಡ್ರಿಂಕರ್ ಬಗ್ಗೆ ಸ್ವಲ್ಪ ಉದ್ದ ಬರೀತೀನಿ. ಬಯಲು ತಟ್ಟ್ಯಾಗ ನೀರಿಟ್ರ ಎರಡು ದಿನದ ಮರಿ ಅದರಾಗ ಇಳೀತಾವು, ಮೈ ಪೂರಾ ತೊಯ್ಸಕೊಂತಾವು, ಥಂಡಿ ಹಿಡದು ಸಂಜಿ ಅನ್ನೋದ್ರಾಗ ಹೋಗಿಬಿಡ್ತಾವು. ಈ ಡಬ್ಬ್ಯಾಗ ಆ ಕಾಟ ಇಲ್ಲ. ಮ್ಯಾಲೆ ಬಿಳಿ ಡಬ್ಬಿ, ಅದಕ್ಕ ನೀರು ತುಂಬಿ ಕೆಂಪು ತಳ ತಿರುವಿ ಬೋರಲ ಇಟ್ರ ಸುತ್ತ ಇರೋ ಸಣ್ಣ ಕಾಲವಿಯೊಳಗ ಬೆರಳು ತೊಯ್ಯೋವಷ್ಟು ನೀರು ಬಂದು ನಿಲ್ತೈತಿ, ಮರಿ ಕುಡದಂಗ ತೂತಿನ್ಯಾಗಿಂದ ಗಾಳಿ ಗುಳುಗುಳು ಅಂತ ಒಳಗ ಹೋಗ್ತೈತಿ, ಅಷ್ಟ ನೀರು ಹೊರಗ ಬರ್ತೈತಿ. ಆದ್ರ ನೆಲ ಮಟ್ಟಸ ಇರಬೇಕ್ರಿ, ಒಂದ್ಕಡೆ ವಾರಿ ಆತಂದ್ರ ನೀರೆಲ್ಲಾ ಸೋರಿ ಹಾಸಿದ ಹೊಟ್ಟು ತೊಯ್ದು ನಾರ್ತೈತಿ. ನಾನು ಮುರದ ಶಹಾಬಾದ ಫರ್ಸಿ ತುಂಡು ಒಂದು ಕೆಳಗ ಇಟ್ಟೀನಿ, ಮಟ್ಟಸನೂ ಆತು, ತಾಯಿ ಕೋಳಿ ಕೆದರಿದ್ದು ಕಾಲವಿಯೊಳಗ ಬೀಳೋದೂ ಕಮ್ಮಿ ಆತು. ಮರಿ ಬೆಳದಂಗ ಇನ್ನೊಂದು ಫರ್ಸಿ ಏರಸ್ರಿ, ಕಾಲವಿ ಅಂಚು ಮರಿ ಬೆನ್ನಿನ ಮಟ್ಟಕ್ಕ ಇದ್ರ ಸಾಕು. ಬಿಳಿ ಡಬ್ಬಿಗೆ ಬಿಸಿಲು ಬಿದ್ರ ಒಳಗ ಪಾಚಿ ಕಟ್ಟತೈತಿ, ನೆಳ್ಳಾಗ ಇಡ್ರಿ, ದಿನಾ ಮುಂಜಾನಿ ತಿಕ್ಕಿ ತೊಳೀರಿ.

ಫೀಡರ್ ಮಾತ್ರ ತಾಯಿ ಜೊತಿ ಇರೋ ಮರಿಗೆ ಅಷ್ಟು ಉಪಯೋಗ ಇಲ್ಲ. ತಾಯಿ ಕೋಳಿ ಕಾಳು ಕೆದರಿ ಕೆದರಿ ಟುಕ್ ಟುಕ್ ಅಂತ ಕರದು ಮರಿಗೆ ತಿನ್ನೋದು ಕಲಸ್ತೈತಿ, ಅದಕ್ಕ ಮುಚ್ಚಿದ ಫೀಡರ್ ಕಂಡ್ರ ಆಗೂದಿಲ್ಲ, ಕಾಲಿಲೆ ಹೊಡದು ಕೆಡವಿ ಹಾಕ್ತೈತಿ. ಮೊದಲನೇ ನಾಕು ದಿನ ಗೋಣಿ ತಟ್ಟಿನ ಮ್ಯಾಲೆ ಫೀಡ್ ಉದರಸ್ರಿ, ಪೇಪರ್ ಹಾಸಬ್ಯಾಡ್ರಿ, ಅದರ ಮ್ಯಾಲೆ ಮರಿ ಕಾಲು ಜಾರಿ ಎರಡೂ ಕಡೆ ಅಗಲ ಆಗಿ ಹಂಗ ಉಳದುಬಿಡ್ತಾವು. ಆಮೇಲೆ ಬಿದರ ಬುಟ್ಟಿ ಬೋರಲ ಹಾಕಿ ಸುತ್ತ ಮೂರು ಕಲ್ಲು ಕೊಟ್ಟು ಎತ್ತರಿಸಿ ಒಳಗ ಫೀಡ್ ಇಟ್ರ ಮರಿ ಅಷ್ಟ ನುಗ್ಗತಾವು, ದೊಡ್ಡ ಕೋಳಿಗೆ ಸಿಗೂದಿಲ್ಲ. ಇದು ನಮ್ಮವ್ವ ಮಾಡ್ತಿದ್ದಿದ್ದು, ಕೊಂಡ ಫೀಡರಿಗಿಂತ ಬುಟ್ಟಿನ ಚಲೋ.

ಸ್ಟಾರ್ಟರ್ ತಗೊಳ್ಳೋ ಮುಂದ ಅಂಗಡಿಯವ್ರು "ಎಷ್ಟು ದಿನದ ಮರಿ ಅದಾವ್ರಿ ಅಕ್ಕಾರ?" ಅಂತ ಕೇಳೇ ಚೀಲಕ್ಕ ಕೈ ಹಾಕಿದ್ರು, ಅದು ನನಗ ಭಾಳ ಸೇರ್ತು. ಯಾಕಂದ್ರ ತತ್ತಿ ಇಡೋ ಕೋಳಿ ಫೀಡಿನ್ಯಾಗ ಕ್ಯಾಲ್ಸಿಯಂ ಮೂರೂವರಿ ನಾಕು ಪರ್ಸೆಂಟ್ ಇರ್ತೈತಿ, ಮರಿಗೆ ಬೇಕಾಗೂದು ಒಂದರ ಆಜೂಬಾಜು, ಆ ಫೀಡ್ ಮರಿಗೆ ಹಾಕ್ಕೋತ ಹೋದ್ರ ಕಿಡ್ನಿ ಕೆಡ್ತೈತಿ. ನಮ್ಮ ಕಡೆ ಗೋವಿನಜೋಳದ ನುಚ್ಚು, ಜ್ವಾಳದ ನುಚ್ಚು ಹಾಕಿ ಬೆಳಸ್ತಾರ, ಹಿತ್ತಲದಾಗ ಹುಳಾ ಹುಪ್ಪಡಿ ಸಿಕ್ರ ನಡೀತೈತಿ, ಗೂಡಿನಾಗ ಕೂಡಿ ಹಾಕಿದ ಮರಿಗೆ ನುಚ್ಚು ಒಂದ ಸಾಲೂದಿಲ್ಲ, ಮೊದಲ ಕೆಲ ವಾರ ಪ್ರೋಟೀನ್ 20 ಪರ್ಸೆಂಟಿನ ಸುತ್ತ ಇರಬೇಕು. ಒಂದು ಸ್ಟಾರ್ ಯಾಕ ಕಡದೆ ಅಂದ್ರ ಬಿಡಿ ಮಾರೋ ಚೀಲ ಬಾಯಿ ತಗದು ಇಟ್ಟಿರ್ತಾರ, ಮಳಗಾಲದಾಗ ಥಂಡಿ ಹಿಡದು ಗಂಟು ಕಟ್ಟತೈತಿ. ಮುಷ್ಟ್ಯಾಗ ಹಿಡದು ಮೂಸಿ ನೋಡ್ರಿ, ಬೂಸ್ಟಿನ ವಾಸನಿ ಬಂದ್ರ ಎಷ್ಟ ಸೋವಿ ಕೊಟ್ರೂ ಬ್ಯಾಡ, ಬೂಸ್ಟಿನ ವಿಷ ಮರಿಗೆ ತಡಿಯೂದಿಲ್ಲ.

ಅದ ಅಂಗಡ್ಯಾಗ ಫ್ರಿಜ್ಜಿನಾಗ ರಾಣಿಖೇತ್ ರೋಗ ಬರದಂಗ ಹಾಕೋ ಲಸೋಟಾ ಅನ್ನೋ ಲಸಿನೂ ಇಡ್ತಾರ. ರಾಣಿಖೇತ್ ಅಂದ್ರ ಹಳ್ಳಿಯೊಳಗ ಓಣಿಗೆ ಓಣಿನ ಖಾಲಿ ಮಾಡೋ ರೋಗ, 5ರಿಂದ 7 ದಿನದೊಳಗ ಮರಿಗೆ ಕಣ್ಣಾಗ ಒಂದು ಹನಿ ಬಿಡಬೇಕು. ಐಸ್ ಹಾಕಿ ಥರ್ಮಾಕೋಲ್ ಡಬ್ಬ್ಯಾಗ ಕಟ್ಟಿ ಕೊಡ್ತಾರ, ಲಸಿ ಪುಡಿ ಅದರ ದ್ರಾವಣದಾಗ ಕಲಸಿದ ಮ್ಯಾಲೆ ತಾಸೆರಡು ತಾಸಿನ್ಯಾಗ ಮುಗಸಬೇಕು. ಸಣ್ಣ ಬಾಟ್ಲಿ ಅಂದ್ರೂ 100 ಡೋಸ್, ನಿಮ್ಮ ಹತ್ತು ಮರಿಗೆ ಅದು ಭಾಳಾತು, ಅದಕ್ಕ ಆಜೂಬಾಜು ಮನಿಯವ್ರನ್ನ ಕೂಡಿಸಿಕೊಂಡು ಒಂದ ದಿನ ಎಲ್ಲಾ ಮರಿಗೂ ಹಾಕ್ರಿ. ರೋಗ ಹಿಡದ ಮರಿಗೆ ಲಸಿ ಹಾಕಬ್ಯಾಡ್ರಿ, ಮೊದ್ಲ ಪಶು ಆಸ್ಪತ್ರಿಗೆ ತೋರಸ್ರಿ.

ಇನ್ನ ಮಶೀನ್ ಯಾಕ ಬ್ಯಾಡ ಅಂದೆ ಅಂದ್ರ, 21 ದಿನ ಒಂದ ಸವನ 37.5 ಡಿಗ್ರಿ ಕಾಯಬೇಕು, ತತ್ತಿ ತಿರುವಬೇಕು, ಕಡೀ ಮೂರು ದಿನ ಒಳಗಿನ ತ್ಯಾವ ಹೆಚ್ಚು ಮಾಡಬೇಕು, ನಡುವ ಕರೆಂಟ್ ಹೋದ್ರ ಜೀವ ಬಾಯಿಗೆ ಬರ್ತೈತಿ. ಕೋಳಿ ಇದೆಲ್ಲಾ ತನ್ನ ಎದಿ ಕೆಳಗ ಮಾಡ್ತೈತಿ. ಅದಕ್ಕ ಬೇಕಾಗೂದು ಹತ್ತು ಹನ್ನೆರಡು ತತ್ತಿ, ಹುಲ್ಲು ಹಾಸಿದ ಬುಟ್ಟಿ, ಕತ್ತಲ ಮೂಲಿ, ದಿನಕ್ಕೊಮ್ಮಿ ಎದ್ದು ಬಂದಾಗ ಕಾಳು ನೀರು, ಹೊರಳಾಡಾಕ ಬೂದಿ ಕಲಸಿದ ಮಣ್ಣು. ಕಾವಿಗೆ ಕೂಡ್ಸೋಕಿಂತ ಮೊದ್ಲ ರೆಕ್ಕಿ ಕೆಳಗ ಹೇನು ನೋಡ್ರಿ, ಹೇನು ಕಡದ್ರ ಅದು ತತ್ತಿ ಬಿಟ್ಟು ಎದ್ದು ಹೋಗ್ತೈತಿ. ಮರಿ ಒಡೀತಿರೋ ಮುಂದ ಎತ್ತಿ ಎತ್ತಿ ನೋಡಬ್ಯಾಡ್ರಿ. ಮರಿ ಹೊಟ್ಟ್ಯಾಗ ತತ್ತಿ ಹಳದಿ ಉಳದಿರ್ತೈತಿ, ಒಂದು ದಿನ ಏನೂ ತಿನ್ನಲಿಕ್ಕಂದ್ರೂ ತಡೀತಾವು, ಉಳಿದ ತತ್ತಿ ಒಡಿಯೋತನಕ ತಾಯಿ ಕುಂತಿರ್ಲಿ.

ತಾಯಿ ಇಲ್ದ ಗಿರಿರಾಜ ತಳಿ ಮರಿ ಕೊಂಡು ತಂದೋರಿಗೆ ಈ ಸೆಟ್ ಸಾಲೂದಿಲ್ರಿ, ಅವಕ್ಕ ಬಲ್ಬು ಬೇಕು, ಮೊದಲನೇ ವಾರ 35 ಡಿಗ್ರಿ, ಆಮೇಲೆ ವಾರಕ್ಕ ಮೂರು ಡಿಗ್ರಿ ಇಳಸ್ಕೋತ ಬರಬೇಕು, ಡ್ರಿಂಕರ್‌ನೂ ದೊಡ್ಡದು ಬೇಕಾಗ್ತೈತಿ. ತಾಯಿ ಕೋಳಿ ಇದ್ದೋರು ಒಂದು ಲೀಟರಿನ ಡ್ರಿಂಕರ್ ತಗೊಳ್ರಿ, ಆದ್ರ ಎರಡು ತಗೊಳ್ರಿ, ಕೆಂಪು ತಳ ಸೀಳಿದ್ರ ಅದೊಂದ ಬ್ಯಾರೆ ಕೊಡೂದಿಲ್ಲ ಅಂದ್ರು ಅಂಗಡಿಯವ್ರು, ರೇಟು ಒಂದಕ್ಕ ನೂರರ ಒಳಗ ಐತಿ.